ಸ್ಮಾರಕಶಿಲೆ



ನಮ್ಮ ತಾಯಿಯವರು ತೀರಿಕೊಂಡ ವರ್ಷ ಮನೆಯಲ್ಲಿ ದೀರ್ಘವಾದೊಂದು ಚರ್ಚೆ ನಡೆಯಿತು. ನಮ್ಮೂರು ಗದಗಿನ ಸೀಮೆಯ ಕೋಟುಮಚಗಿ. ಅಲ್ಲಿ ಹೊಲದ ಅಂಚಿನಲ್ಲಿ ಅವರ ಸಮಾಧಿ. ಅದರ ಮೇಲೆ ಎಂಥ ಕಲ್ಲನ್ನು ನಿಲ್ಲಿಸಬೇಕು? ನಾವು ಅಮೃತಶಿಲೆಯೆಂದೆವು, ಊರಿನಲ್ಲಿಯೇ ಇರುವ ಅಣ್ಣನವರು ಕರಿಯ ಕಲ್ಲೆಂದರು. ಬರೆಹದ ಒಕ್ಕಣೆಯನ್ನು ಕುರಿತೇ ನಾಲ್ಕು ಪತ್ರಗಳಾದುವು. ಕಾಲೇಜಿನ ಅಧ್ಯಾಪಕರಿಗೆ ಒಕ್ಕಣೆಯ ವಿಚಾರದಲ್ಲಿ ಸೋತು ಅಭ್ಯಾಸವಿಲ್ಲವಷ್ಟೆ! ಕಡೆಗೆ ಎಲ್ಲವೂ ನಮ್ಮ ಇಷ್ಟದಂತೆಯೇ ಆಯಿತು.

ಮೂರನೆಯ ವರ್ಷ ಹೋಗಿ ನೋಡಿದರೆ, ಕಲ್ಲು ಒಂದು ಮಗ್ಗುಲಿಗೆ ವಾಲಿತ್ತು. ಎರೆಯ ನೆಲದ ಸ್ವಭಾವ ಒಕ್ಕಲು ಮನೆಯ ಮಗುವಿಗೂ ಗೊತ್ತು: ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಬಿರುಕು ಮುಟ್ಟದ ಆಳಕ್ಕೆ, ಸಾಧ್ಯವಾದರೆ ಗರಸು ಸಿಕ್ಕುವವರೆಗೆ, ತೋಡಿಸಿ ತಳಪಾಯ ಹಾಕಿಸಬೇಕಾಗಿತ್ತು. ನಾವು ಹೊಳಪಿಗೆ ಹಣ ಕೊಟ್ಟಿದ್ದೆವು. ಆ ಹೊಳಪೂ ಉಳಿದಿರಲಿಲ್ಲ. ವೃದ್ಧೆಯಾದ ನಮ್ಮ ಸೋದರತ್ತೆ ಪ್ರತಿ ಸೋಮವಾರವೂ ಅಲ್ಲಿಗೆ ಹೋಗಿ, ಹಿತ್ತಾಳೆಯ ತಂಬಿಗೆಯನ್ನು ಬೆಳಗುವಂತೆ ಹುಣಿಸೆಹಣ್ಣಿನಿಂದ ಕಲ್ಲನ್ನು ತಿಕ್ಕಿದ್ದರು. ಅಮೃತಶಿಲೆ ಸುಣ್ಣದ ಜಾತಿ. ಹುಳಿ ಅದನ್ನು ತಿನ್ನುತ್ತದೆ. ಬರಿಯ ನೀರು, ಮೆತ್ತನೆಯ ಬಟ್ಟೆ, ಇಷ್ಟೇ ಅದಕ್ಕೆ ಸಾಕು. ಇದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದವರು ದೂರದಲ್ಲಿ ಪಾಠ ಹೇಳುತ್ತಿದ್ದೆವು.

ಆಗ ಆತಕೂರಿನ ಶಾಸನ ನೆನಪಾಯಿತು. ಮದ್ದೂರು ತಾಲ್ಲೂಕಿನ ಈ ಶಾಸನ ಕ್ರಿ. ಶ. 950ರ ಸುಮಾರಿನದು, ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅರಸನು ಮೆಚ್ಚಿ ಬೇಡಿಕೊಳ್ಳೆಂದಾಗ ಮಣಲೇರನೆಂಬ ವೀರನು ಕಾಳಿಯೆಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಆ ನಾಯಿ ದೊಡ್ಡದೊಂದು ಹಂದಿಯೊಡನೆ ಕಾದಿತು, ಎರಡೂ ಸತ್ತುವು. ಅದರ ನೆನಪಿಗೆ ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ನಾಯಿಯೂ ಹಂದಿಯೂ ಹೋರಾಡುವ ಚಿತ್ರವನ್ನು ಕೆತ್ತಿಸಿದರು. ಅಷ್ಟಕ್ಕೇ ಕೈತೊಳೆದುಕೊಳ್ಳಲಿಲ್ಲ. ಹಿರಿಯ ಕೆರೆಯ ಕೆಳಗೆ ಎರಡು ಖಂಡುಗ ಭೂಮಿಯನ್ನು ಬಿಟ್ಟರು. ಆ ಸ್ಥಾನವನ್ನಾಳುವ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ನಾಯಿ ಮಾಡಿದ ಪಾಪವೆಲ್ಲ ಅವನಿಗೆ ಎಂದು ಬರೆಸಿದರು. ಗೊರವನ ಪಾಡನ್ನು ನೆನೆದರೆ ನಗು ಬರುತ್ತದೆ. ಆದರೆ ಕಲ್ಲಿಗೆ ದಿನಕ್ಕೊಮ್ಮೆ ಒಬ್ಬ ಮನುಷ್ಯ ಬೇಕು, ಆ ಮನುಷ್ಯನಿಗೆ ಊಟ ಬೇಕು ಎಂಬುದನ್ನು ಅವರು ಮೊದಲೇ ಎಣಿಸಿದ್ದರು. ನಾವು ಎಣಿಸಿರಲಿಲ್ಲ.

ಸೋದರತ್ತೆಗೆ ಓದು ಬಾರದು. ನಾಲ್ಕು ಪತ್ರಗಳ ಆ ಒಕ್ಕಣೆ ಅವರ ಮಟ್ಟಿಗೆ ಬರಿಯ ಗೀರುಗಳು. ವಾರವಾರವೂ ಅದನ್ನು ತೊಳೆದವರು ಮಾತ್ರ ಅವರೊಬ್ಬರೇ.

ಈ ಸಲ ತಳಪಾಯವನ್ನು ಆಳವಾಗಿ ತೋಡಿಸಿದೆವು. ಕಲ್ಲು ಅಣ್ಣನವರು ಹೇಳಿದ ಕರಿಯದೇ. ಅದರ ಮೇಲೆ ತಾಯಿಯವರ ಹೆಸರು, ವರ್ಷ, ಅಷ್ಟೆ. ಹೊಲದ ಹುಟ್ಟುವಳಿಯಲ್ಲಿ ಒಂದು ಪಾಲನ್ನು ಅದರ ಮೇಲುಸ್ತುವಾರಿಗೆಂದು ತೆಗೆದಿರಿಸಿದ್ದೇವೆ. ಕಲ್ಲು ಯಾವ ಕಡೆಗೆ ಮುಖಮಾಡಿರಬೇಕೆಂದು ಅತ್ತೆಯನ್ನು ಕೇಳಿದೆವು. ಬೇವಿನ ಮರದ ಕಡೆಗಿರಲಿ, ತಾವು ಹೋದಾಗ ನೆರಳಿನಲ್ಲಿ ಕೂತು ಮಾತಾಡಬಹುದು ಎಂದರು.