ಆರನೇ ದಿನದ ಲೆಕ್ಕ, ಇಡೀ ವರ್ಷದ ಪಾಠ

(ಕನ್ನಡ ಮಾಧ್ಯಮ ಶಾಲೆಗಳಿಗೆ ಹೊಸದಾಗಿ ಸೇರಿದ ಶಿಕ್ಷಕರು ಮತ್ತು ಡಿ.ಎಲ್.ಎಡ್. ಕಲಿಯುತ್ತಿರುವ ಯುವಜನರ ಜೊತೆ ಕಾಸರಗೋಡಿನ ಶಿಕ್ಷಕಿಯೊಬ್ಬರು ಆಡಿದ ಮಾತುಗಳ ಬರಹರೂಪ)

"ವರ್ಷವಿಡೀ ಉತ್ಸಾಹ ಉಳಿಸಿಕೊಳ್ಳುವುದು ಹೇಗೆ ಅಂತ ನಾಲ್ಕು ಮಾತು ಹೇಳಿ ಟೀಚರ್" ಅಂತ ನನ್ನನ್ನು ಕರೆದಿದ್ದೀರಿ. ನಿಜ ಹೇಳ್ತೇನೆ, ನನಗೆ ನಗು ಬಂತು. ಎಷ್ಟೋ ವರ್ಷ ಅಕ್ಟೋಬರ್ ಬರುವಷ್ಟರಲ್ಲಿ ನಾನೇ ಸುಸ್ತಾಗಿ ಹೋಗ್ತಿದ್ದೆ. ಹಾಗಾಗಿ ಉಪದೇಶ ಮಾಡ್ಲಿಕ್ಕೆ ನನಗೆ ಅರ್ಹತೆ ಇಲ್ಲ. ಬಿದ್ದದ್ದು ಹೇಗೆ, ಎದ್ದದ್ದು ಹೇಗೆ ಅಂತ ಹೇಳಬಹುದು, ಅಷ್ಟೇ.

ಜೂನಿನಿಂದ ಶುರು ಮಾಡುವ. ಪ್ರವೇಶೋತ್ಸವ, ಬಲೂನು, ಪಾಯಸ, ಹೊಸ ಕೊಡೆ. ಮಕ್ಕಳಿಗೆ ಅದು ಹಬ್ಬ. ನಮ್ಮ ಕಣ್ಣು ಮಾತ್ರ ಆರನೇ ಕೆಲಸದ ದಿನದ ಮೇಲೆ. ಕೇರಳದಲ್ಲಿ ಆ ದಿನದ ಮಕ್ಕಳ ಲೆಕ್ಕ ನೋಡಿಯೇ ಡಿವಿಷನ್ ಎಷ್ಟು, ಪೋಸ್ಟ್ ಎಷ್ಟು ಅಂತ ತೀರ್ಮಾನ ಆಗುವುದು. ಬೇರೆ ಶಾಲೆಯವರಿಗೆ ಅದು ಒಂದು ಸಂಖ್ಯೆ. ಕನ್ನಡ ಡಿವಿಷನ್‌ನ ಟೀಚರಿಗೆ ಒಂದು ಮಗು ಕಡಿಮೆ ಆದರೂ ಎದೆ ಢವಢವ. ಒಂದು ವರ್ಷ ನಮ್ಮ ಒಂದನೇ ಕ್ಲಾಸಿಗೆ ಸೇರುತ್ತೇವೆ ಅಂತ ಹೇಳಿದ್ದ ಎರಡು ಮನೆಯವರು ಕೊನೆಗಳಿಗೆಯಲ್ಲಿ ಇಂಗ್ಲಿಷ್ ಮೀಡಿಯಂ ಬಸ್ಸು ಹತ್ತಿಸಿದರು. ಆ ಅಮ್ಮಂದಿರ ಮೇಲೆ ನನಗೆ ಎಷ್ಟು ಸಿಟ್ಟು ಬಂದಿತ್ತೆಂದರೆ, ಕ್ಲಾಸಿನಲ್ಲಿ ಕೂತಿದ್ದ ಮಕ್ಕಳ ಮುಖವನ್ನು ಆ ವಾರ ಸರಿಯಾಗಿ ನೋಡಲೇ ಇಲ್ಲ. ಬಾರದ ಎರಡು ಮಕ್ಕಳ ಲೆಕ್ಕದಲ್ಲಿ, ಬಂದ ಮಕ್ಕಳನ್ನು ಮರೆತಿದ್ದೆ.

ಆಮೇಲೆ ಮಳೆ. ಜಿಲ್ಲಾಧಿಕಾರಿಗಳ ರಜೆ ಘೋಷಣೆ, ನಿಂತುಹೋದ ಪಾಠ, ತಡವಾಗಿ ಬರುವ ಪಠ್ಯಪುಸ್ತಕ. ಓಣಂ ಪರೀಕ್ಷೆ. ಮಲಯಾಳದಲ್ಲಿ ಬರುವ ಸುತ್ತೋಲೆ, ಮಲಯಾಳದಲ್ಲೇ ನಡೆಯುವ ತರಬೇತಿ. ಬೇರೆಯವರು ತರಬೇತಿ ಮುಗಿಸಿ ಮನೆಗೆ ಹೋದರೆ, ನಮಗೆ ರಾತ್ರಿ ಕೂತು ಅದನ್ನು ಕನ್ನಡಕ್ಕೆ ತರುವ ಇನ್ನೊಂದು ಕೆಲಸ. ಈ ಎರಡನೇ ಕೆಲಸಕ್ಕೆ ಸಂಬಳ ಇಲ್ಲ, ಹೆಸರೂ ಇಲ್ಲ. ನಮ್ಮ ಸುಸ್ತಿನ ಅರ್ಧ ಪಾಲು ಅಲ್ಲಿಂದಲೇ ಬರುವುದು.

ಅಂಥದ್ದೇ ಒಂದು ತರಬೇತಿಯ ಮರುದಿನ. ಅಕ್ಟೋಬರ್, ಮಧ್ಯಾಹ್ನ ಊಟ ಮುಗಿದಿತ್ತು, ಮೋಡ ಕಟ್ಟಿತ್ತು. ಮೂರನೇ ಕ್ಲಾಸಿನ ಒಬ್ಬಳು ಹುಡುಗಿ ಕಿಟಕಿಯಿಂದ ನೋಡಿ, "ಟೀಚರ್, ಬರ್ಸ ಬರ್ತದೆ" ಅಂದಳು. ಮನೆಯಲ್ಲಿ ತುಳು ಮಾತಾಡುವ ಮಗು. ನನ್ನ ಬಾಯಿಂದ ಬಂದದ್ದು, "ಮೂರನೇ ಕ್ಲಾಸಿಗೆ ಬಂದರೂ ಮಳೆ ಅಂತ ಹೇಳ್ಲಿಕ್ಕೆ ಬರುವುದಿಲ್ವಾ ನಿನಗೆ?" ಉಳಿದ ಮಕ್ಕಳು ನಕ್ಕರು. ಅವಳು ಕೂತಳು. ಆ ವಾರ ಪೂರ್ತಿ ಬಾಯಿ ಬಿಡಲಿಲ್ಲ.

ಶುಕ್ರವಾರ ಅವಳ ಅಜ್ಜಿ ಕರೆದುಕೊಂಡು ಹೋಗಲು ಬಂದಿದ್ದರು. ತುಳುವಿನಲ್ಲೇ ಕೇಳಿದರು, "ಮಗು ಮನೆಯಲ್ಲಿ ಮಾತು ಕಡಿಮೆ ಮಾಡಿದ್ದಾಳೆ, ಎಂತ ಆಯಿತು ಟೀಚರೇ?" ಬೈಯಲಿಲ್ಲ, ಬರೀ ಕೇಳಿದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನನ್ನ ಭಾಷೆಗೆ ಮರ್ಯಾದೆ ಸಿಗಲಿಲ್ಲ ಅಂತ ತರಬೇತಿಯಲ್ಲಿ ನನಗೆ ನೋವಾಗಿತ್ತು. ಅದೇ ನೋವನ್ನು ಹಾಗೇ ತಂದು ಒಂದು ಎಂಟು ವರ್ಷದ ಮಗುವಿನ ತಲೆಗೆ ಹಾಕಿದ್ದೆ.

ಸೋಮವಾರ ಕ್ಲಾಸಿನ ಮುಂದೆಯೇ ಅವಳಲ್ಲಿ ಹೇಳಿದೆ, "ನಾನು ಹೇಳಿದ್ದು ತಪ್ಪು. ಬರ್ಸ ಅಂದರೆ ಒಳ್ಳೆಯ ಮಾತು. ಇವತ್ತು ನೀನೇ ಬೋರ್ಡಿನಲ್ಲಿ ಬರಿ." ಅವಳು ಬರೆದಳು. ಪಕ್ಕದಲ್ಲಿ ಮಳೆ. ಮಲಯಾಳ ಮನೆಯ ಹುಡುಗ ಎದ್ದು ಮಳ ಅಂತ ಸೇರಿಸಿದ. ಮರುದಿನ ಮನೆ, ಇಲ್ಲ್, ವೀಡು. ಒಂದು ಹಳೆ ಕ್ಯಾಲೆಂಡರಿನ ಹಿಂಬದಿಯಲ್ಲಿ ಪಟ್ಟಿ ಬೆಳೆಯಿತು. ಒಂದು ದಿನ ಅದೇ ಹುಡುಗಿ ಓಡಿ ಬಂದಳು: "ಟೀಚರ್, ಮೀನು ಎಲ್ಲದರಲ್ಲೂ ಮೀನೇ!" ಕ್ಲಾಸೇ ಚಪ್ಪಾಳೆ ತಟ್ಟಿತು. ಆ ವರ್ಷ ಅವಳು ಕನ್ನಡ ಓದುವುದರಲ್ಲಿ ಯಾರಿಗೂ ಹಿಂದೆ ಬೀಳಲಿಲ್ಲ.

ನಮ್ಮ ಕನ್ನಡ ಕ್ಲಾಸು ಅಂದರೆ ಇದೇ ಅಲ್ವಾ? ತುಳು, ಹವ್ಯಕ, ಕೊಂಕಣಿ, ಮರಾಠಿ, ಬ್ಯಾರಿ, ಮಲಯಾಳ ಎಲ್ಲಾ ಮನೆಯ ಮಕ್ಕಳು ಒಂದೇ ಬೆಂಚಿನಲ್ಲಿ. ಕನ್ನಡ ಅವರನ್ನು ಕೂರಿಸಿದ ಬೆಂಚು. ಅಕ್ಕಲಕೋಟೆ, ಜತ್ತದಲ್ಲಿ ಮರಾಠಿ ಇರಬಹುದು, ಆದೋನಿ, ಮಡಕಶಿರದಲ್ಲಿ ತೆಲುಗು, ತಾಳವಾಡಿ, ಹೊಸೂರಿನಲ್ಲಿ ತಮಿಳು. ಮಗುವಿನ ಬಾಯಿಯ ಇನ್ನೊಂದು ಭಾಷೆ ನಮ್ಮ ವೈರಿ ಅಲ್ಲ.

ಆಮೇಲೆ ನಾನು ಮಾಡಿಕೊಂಡ ಮೂರು ಅಭ್ಯಾಸ ಹೇಳ್ತೇನೆ. ದೊಡ್ಡದು ಏನೂ ಇಲ್ಲ.

ಒಂದು, ಒಂದು ಗೆರೆಯ ಪುಸ್ತಕ. ಗಂಟೆ ಹೊಡೆದ ಮೇಲೆ, ಬಸ್ಸಿಗೆ ಓಡುವ ಮೊದಲು, ಆ ದಿನ ಒಂದು ಮಗು ಹೊಸದಾಗಿ ಮಾಡಿದ್ದನ್ನು ಒಂದೇ ಗೆರೆ ಬರೆಯುವುದು. "ಇವತ್ತು ಅವನು ಒತ್ತಕ್ಷರ ಸರಿ ಬರೆದ." "ಇವಳು ಮೊದಲ ಸಲ ಜೋರಾಗಿ ಓದಿದಳು." ಬರೆಯಲು ಏನೂ ಸಿಗದ ದಿನವೂ ಉಂಟು. ಆಗ ತಿಳಿದುಕೊಳ್ಳಬೇಕು, ಆ ದಿನ ನಾವು ಮಕ್ಕಳನ್ನು ನೋಡಲೇ ಇಲ್ಲ. ಫೆಬ್ರವರಿಯಲ್ಲಿ, ಇನ್ನು ಆಗ್ಲಿಕ್ಕಿಲ್ಲ ಅನ್ನಿಸಿದಾಗ, ಆ ಪುಸ್ತಕ ತೆಗೆದು ಜೂನಿನ ಪುಟ ಓದಿ. ಯಾರ ಭಾಷಣವೂ ಬೇಡ.

ಎರಡು, ಕೆಲಸ ಹಂಚಿಕೊಳ್ಳುವುದು. ಐದು ಶಾಲೆಯ ಐದು ಜನ ಸೇರಿ ಒಂದು ವಾಟ್ಸಾಪ್ ಗುಂಪು ಮಾಡಿದೆವು. ಗಣಿತದ ವರ್ಕ್‌ಶೀಟ್ ಒಬ್ಬರು ಕನ್ನಡಕ್ಕೆ ತರುವುದು, ಪರಿಸರ ಇನ್ನೊಬ್ಬರು. ಹೀಗೆ ಐದು ರಾತ್ರಿಯ ಕೆಲಸ ಒಂದು ರಾತ್ರಿಗೆ ಇಳಿಯಿತು. ಗುಡ್ ಮಾರ್ನಿಂಗ್ ಚಿತ್ರ ಹಾಕಬಾರದು ಅಂತ ಒಂದೇ ನಿಯಮ.

ಮೂರು, ದೂರಿಗೆ ಬೇರೆ ಸಮಯ. ಧನಾತ್ಮಕವಾಗಿರಿ ಅಂದರೆ ಬಾಯಿ ಮುಚ್ಚಿಕೊಂಡಿರಿ ಅಂತ ಅರ್ಥ ಅಲ್ಲ, ದಯವಿಟ್ಟು. 1956ರ ನವೆಂಬರ್ 1ರಂದು ರಾಜ್ಯಗಳ ಗಡಿ ಬದಲಾದಾಗಲೇ ಏಳನೇ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ 350ಎ ವಿಧಿಯೂ ಬಂತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಸೌಲಭ್ಯ ಕೊಡಲು ರಾಜ್ಯಗಳು ಪ್ರಯತ್ನಿಸಬೇಕು ಅಂತ ಅದು ಹೇಳುತ್ತದೆ. ಕನ್ನಡ ಬಾರದವರನ್ನು ಕನ್ನಡ ಕ್ಲಾಸಿಗೆ ನೇಮಿಸಿದರೆ ಅರ್ಜಿ ಬರೆಯಿರಿ, ಪಿ.ಟಿ.ಎ.ಯನ್ನು ಕೂಡಿಸಿ, ಪ್ರತಿಭಟನೆಗೂ ಕೂರಿ. ನಾನೂ ಬರ್ತೇನೆ. ಆದರೆ ಅದಕ್ಕೆ ಶನಿವಾರ ಇಡಿ. ಸೋಮವಾರ ಬೆಳಿಗ್ಗೆ ಆ ಸಿಟ್ಟನ್ನು ಕ್ಲಾಸಿನ ಹೊಸ್ತಿಲಿನ ಹೊರಗೆ ಬಿಟ್ಟು ಬನ್ನಿ. ಮಕ್ಕಳು ಆ ಆದೇಶಕ್ಕೆ ಸಹಿ ಹಾಕಿದವರಲ್ಲ.

ಇದು ಆಗುತ್ತದಾ ಅಂತ ಕೇಳಿದರೆ, ನಮ್ಮದೇ ಊರಿನಲ್ಲಿ ಮಾಡಿ ತೋರಿಸಿದವರಿದ್ದಾರೆ. ಕಯ್ಯಾರ ಕಿಞ್ಞಣ್ಣ ರೈಗಳು. 1915ರಲ್ಲಿ ಹುಟ್ಟಿ 2015ರವರೆಗೆ ಬಾಳಿದರು. ಕಾಸರಗೋಡು ಕರ್ನಾಟಕಕ್ಕೆ ಸೇರಬೇಕು ಅಂತ ಜೀವಮಾನವೆಲ್ಲ ಹೋರಾಡಿದರು, ಆ ಆಸೆ ಈಡೇರಲಿಲ್ಲ. ಆದರೆ ಅದೇ ಮನುಷ್ಯ ಪೆರಡಾಲದ ಶಾಲೆಯಲ್ಲಿ ಮಾಷ್ಟ್ರಾಗಿ ಪಾಠ ಮಾಡಿದರು, ತೋಟದಲ್ಲಿ ದುಡಿದರು, ಬರೆದರು. ಆತ್ಮಕಥೆಗೆ 'ದುಡಿತವೇ ನನ್ನ ದೇವರು' ಅಂತ ಹೆಸರಿಟ್ಟರು. ಗೆಲ್ಲುವವರೆಗೆ ಕಾಯುತ್ತಾ ಕೂತಿದ್ದರೆ ಅವರ ಶಿಷ್ಯರು ಕಲಿಯುತ್ತಿದ್ದದ್ದು ಯಾವಾಗ?

ಇಲ್ಲಿ ಶಿಕ್ಷಕರಲ್ಲದ ತಮ್ಮಂದಿರು, ತಂಗಿಯರೂ ಇದ್ದೀರಿ. ನಿಮ್ಮಲ್ಲಿ ಒಂದು ಕೋರಿಕೆ. ನವೆಂಬರಿನಲ್ಲಿ ಬಾವುಟ ಹಿಡಿಯುವಾಗ ನೀವು ಬರ್ತೀರಿ, ಸಂತೋಷ. ಮೇ ತಿಂಗಳಿನಲ್ಲೂ ಬನ್ನಿ. ನಾವು ಟೀಚರುಗಳು ಸೇರ್ಪಡೆಗೆ ಮನೆಮನೆ ಹೋಗುವಾಗ, "ನಾನು ಕನ್ನಡ ಮೀಡಿಯಂನಲ್ಲಿ ಕಲಿತವ, ಈಗ ಈ ಕೆಲಸದಲ್ಲಿದ್ದೇನೆ" ಅಂತ ನಿಮ್ಮಲ್ಲಿ ಒಬ್ಬರು ಪಕ್ಕದಲ್ಲಿ ನಿಂತು ಹೇಳಿದರೆ, ನನ್ನ ಹತ್ತು ಮಾತಿಗಿಂತ ಅದು ಹೆಚ್ಚು. ಕಲೋತ್ಸವ ಬಂದಾಗ ಮಕ್ಕಳಿಗೆ ಕನ್ನಡ ಭಾಷಣ, ಕಂಠಪಾಠ, ಯಕ್ಷಗಾನ ಕಲಿಸಲು ಒಂದು ಸಂಜೆ ಕೊಡಿ. ಒಬ್ಬ ಟೀಚರಿನ ಉತ್ಸಾಹ ಉಳಿಯುವುದು ಊರು ಜೊತೆಗಿದೆ ಅಂತ ಗೊತ್ತಾದಾಗ.

ಆ ಬರ್ಸದ ಹುಡುಗಿ ಈಗ ಹೈಸ್ಕೂಲಿನಲ್ಲಿದ್ದಾಳೆ. ಮೊನ್ನೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿ, "ನಾನೂ ಟೀಚರ್ ಆಗ್ತೇನೆ" ಅಂದಳು. ಅವಳು ಬರುವಾಗ ಅವಳಿಗೊಂದು ಕನ್ನಡ ಕ್ಲಾಸು ಉಳಿದಿರಬೇಕಲ್ವಾ? ಅಷ್ಟಕ್ಕೇ ಈ ಜೂನಿನಲ್ಲೂ ನಾನು ಬೇಗ ಹೋಗಿ ಬಾಗಿಲು ತೆರೆಯುತ್ತೇನೆ.