ಪರವೂರಿನ ಹೊತ್ತು



ಸ್ಪೇನಿನ ಸಲಮಾಂಕ ಓದುವ ಮಕ್ಕಳ ಊರು. ಅಲ್ಲಿನ ವಿಶ್ವವಿದ್ಯಾಲಯ ಶುರುವಾದದ್ದು 1218ರಲ್ಲಿ. ಎಂಟು ನೂರು ವರ್ಷಗಳಿಂದ ಹೊರಗಿನ ಮಕ್ಕಳನ್ನು ಕಂಡ ಊರದು. ಆದರೂ ನಮ್ಮ ಕಡೆಯಿಂದ ಓದಲು ಹೋದ ಹುಡುಗಿಗೆ ಮೊದಲ ವಾರಗಳಲ್ಲಿ ಅದು ತನ್ನದೆನ್ನಿಸುವುದಿಲ್ಲ.

ಮಧ್ಯಾಹ್ನ ಹನ್ನೆರಡೂವರೆಗೇ ಹೊಟ್ಟೆ ಚುರುಗುಟ್ಟುತ್ತದೆ. ಹೋಟೆಲುಗಳಲ್ಲಿ ಊಟ ಸಿಗುವುದು ಒಂದೂವರೆ, ಎರಡರ ಮೇಲೆ. ಆಮೇಲೆ ಸಾಮಾನು ತರೋಣವೆಂದರೆ ಎಷ್ಟೋ ಸಣ್ಣ ಅಂಗಡಿಗಳು ಸಂಜೆ ಐದರವರೆಗೆ ಬಾಗಿಲು ಹಾಕಿರುತ್ತವೆ. ರಾತ್ರಿ ಎಂಟಕ್ಕೆ ಅನ್ನ ಮಾಡಿಕೊಂಡು ಉಂಡು ಇವಳು ಪಾತ್ರೆ ತೊಳೆದಿಟ್ಟ ಮೇಲೆ, ಒಂದೇ ಮನೆಯಲ್ಲಿರುವ ಗೆಳತಿಯರು ಈರುಳ್ಳಿ ಹೆಚ್ಚಲು ಶುರುಮಾಡುತ್ತಾರೆ. ಎಲ್ಲರ ನಡುವೆ ಇದ್ದೂ ಉಣ್ಣುವುದು ಒಬ್ಬಳೇ.

ಹೀಗೆ ತಡವಾಗಿ ಉಣ್ಣುವುದು ಅವರ ಸೋಮಾರಿತನವಲ್ಲ. ಭೂಪಟದಲ್ಲಿ ಸ್ಪೇನಿನ ಬಹುಭಾಗ ಲಂಡನ್ನಿಗಿಂತ ಪಶ್ಚಿಮಕ್ಕಿದೆ. ಆದರೂ 1940ರಲ್ಲಿ ಸರ್ವಾಧಿಕಾರಿ ಫ್ರಾಂಕೊನ ಸರ್ಕಾರ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟು ಜರ್ಮನಿಯ ಸಮಯಕ್ಕೆ ಸೇರಿಸಿತು. ಎರಡನೆಯ ಮಹಾಯುದ್ಧ ಮುಗಿದರೂ ಅದನ್ನು ಹಿಂದಕ್ಕೆ ತಿರುಗಿಸಲಿಲ್ಲ. ಬೇಸಿಗೆಯ ತಿಂಗಳುಗಳಲ್ಲಿ ಇನ್ನೂ ಒಂದು ಗಂಟೆ ಮುಂದಕ್ಕೆ. ಹಾಗಾಗಿ ಸೆಪ್ಟೆಂಬರಿನ ಮೊದಲಲ್ಲಿ ಗಡಿಯಾರ ಎರಡು ತೋರಿಸಿದರೂ ಸಲಮಾಂಕದಲ್ಲಿ ಸೂರ್ಯ ಇನ್ನೂ ನೆತ್ತಿಗೆ ಬಂದಿರುವುದಿಲ್ಲ. ಅವರು ಉಣ್ಣುವುದು ನಡುಮಧ್ಯಾಹ್ನಕ್ಕೇ. ನಮಗೆ ವಿಚಿತ್ರವಾಗಿ ಕಂಡದ್ದಕ್ಕೆ ಹೀಗೊಂದು ಕಾರಣ ಇರಬಹುದೆಂದು ತಿಳಿದಾಗ, ಅರ್ಧ ಬೇಸರ ಅಲ್ಲೇ ಇಳಿಯುತ್ತದೆ.

ಉಳಿದರ್ಧಕ್ಕೆ ಕೋಣೆಯಿಂದ ಹೊರಗೆ ಬರಬೇಕು. ಸೆಪ್ಟೆಂಬರಿನಲ್ಲಿ ಅಲ್ಲಿ ರಾತ್ರಿ ಒಂಬತ್ತಾದಾಗ ಇಲ್ಲಿ ಹನ್ನೆರಡೂವರೆ. ಅಪ್ಪ ಅಮ್ಮ ನಿದ್ದೆಯಲ್ಲಿರುತ್ತಾರೆ, ಫೋನು ಮಾಡುವಂತಿಲ್ಲ. ಮನೆ ತುಂಬಾ ನೆನಪಾಗುವ ಹೊತ್ತೂ ಅದೇ. ಆದರೆ ಇಡೀ ಊರು ಬೀದಿಗೆ ಬರುವ ಹೊತ್ತೂ ಅದೇ! ಪ್ಲಾಸಾ ಮಯೋರ್ ಎಂಬ ದೊಡ್ಡ ಚೌಕದಲ್ಲಿ ಅಜ್ಜ ಅಜ್ಜಿಯರು ತೋಳು ಹಿಡಿದು ಅಡ್ಡಾಡುತ್ತಾರೆ, ವಿದ್ಯಾರ್ಥಿಗಳು ನೆಲದ ಮೇಲೆ ಗುಂಪಾಗಿ ಕೂತಿರುತ್ತಾರೆ.

ಮಾತು ಶುರುಮಾಡಲು ಬೆಳಗಿನ ಸಂತೆಕಟ್ಟೆಯೇ ಸಾಕು. ತರಕಾರಿ ಅಂಗಡಿಯ ಮುಂದೆ ಅಲ್ಲಿ ಜನ ಸಾಲಾಗಿ ನಿಂತಿರುವುದೇ ಕಡಿಮೆ, ಅಲ್ಲಲ್ಲಿ ಚದುರಿರುತ್ತಾರೆ. ಹೊಸದಾಗಿ ಬಂದವರು 'ಕೊನೆಯವರು ಯಾರು?' ಎಂದು ಕೇಳುತ್ತಾರೆ. ಒಬ್ಬರು 'ನಾನು' ಎನ್ನುತ್ತಾರೆ. ಅವರಾದ ಮೇಲೆ ನಮ್ಮ ಸರದಿ. ಬಾಯಿ ಬಿಟ್ಟು ಕೇಳದೆ ಸುಮ್ಮನೆ ನಿಂತವರ ಸರದಿ ಎಲ್ಲೋ ತಪ್ಪಿಹೋಗುತ್ತದೆ. ತಡವರಿಸುತ್ತಾ ಆ ಪ್ರಶ್ನೆ ಕೇಳಿದ ಹುಡುಗಿಗೆ ಅಷ್ಟು ಜನರ ನಡುವೆ ತನ್ನದೂ ಒಂದು ಜಾಗ ಸಿಗುತ್ತದೆ.

ಪರವೂರು ತಾನಾಗಿ ನಮ್ಮದಾಗುವುದಿಲ್ಲ. ಅದರ ಹೊತ್ತಿಗೆ ನಾವು ಉಣ್ಣಬೇಕು, ಅದರ ಹೊತ್ತಿಗೆ ಹೊರಬೀಳಬೇಕು, ಬಾಯಿಬಿಟ್ಟು ಕೇಳಬೇಕು. ಇದರಿಂದ ಹುಟ್ಟಿದ ಮನೆ ದೂರವಾಗುವುದಿಲ್ಲ. ಮನಸ್ಸಿಗೆ ಇನ್ನೊಂದು ಮನೆ ಸೇರುತ್ತದೆ.

ಮಕ್ಕಳನ್ನು ದೂರ ಕಳುಹಿಸಿರುವ ತಂದೆ ತಾಯಂದಿರೇ, ಇವತ್ತು ಫೋನು ಬಂದಾಗ ಊಟ ಆಯಿತೇ ಎಂದು ಖಂಡಿತ ಕೇಳಿ. ಯಾರ ಜೊತೆ ಊಟ ಮಾಡಿದೆ ಎಂದೂ ಕೇಳಿ.