55 ಕೆ.ಜಿ.ಯ ಅರ್ಜುನ

(ಶಾಲೆಯ ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹ ರೂಪ)



ಸಮಿತಿಯವರು ನನಗೆ ಫೋನ್ ಮಾಡಿದಾಗ, 'ಸಾಫ್ಟ್‌ವೇರ್ ಕೆಲಸ ಹೇಗೆ ಸಿಗುತ್ತದೆ ಅಂತ ಮಕ್ಕಳಿಗೆ ಹತ್ತು ನಿಮಿಷ ಹೇಳಪ್ಪಾ' ಅಂದರು. ನಾನು ಬಿಇ ಓದಿದವನು, ಬೆಂಗಳೂರಿನಲ್ಲಿ ಅದೇ ಕೆಲಸ ಮಾಡುವವನು. ಹೇಳಬಹುದಿತ್ತು. ಆದರೆ ಬೆಳಗಿನಿಂದ ಈ ಮೈಕಿನ ಮುಂದೆ ಇಬ್ಬರು ಎಂಜಿನಿಯರುಗಳು ಆಗಲೇ ಮಾತಾಡಿದ್ದಾರೆ. ಮೂರನೆಯವನೂ ಅದನ್ನೇ ಹೇಳಿದರೆ ಈ ಮಕ್ಕಳು ಎದ್ದು ಊಟದ ಪೆಂಡಾಲಿಗೆ ಹೋಗುತ್ತಾರೆ. ಹಾಗಾಗಿ ಗುರುಗಳ ಅಪ್ಪಣೆ ಪಡೆದು, ನಾನು ಬಹಳ ದಿನಗಳಿಂದ ಗಮನಿಸುತ್ತಾ ಬಂದಿರುವ ಒಬ್ಬ ಪೈಲ್ವಾನನ ಬಗ್ಗೆ ಮಾತಾಡುತ್ತೇನೆ. ಅವರ ಹೆಸರು ಅರ್ಜುನ ಹಲಕುರ್ಕಿ. ಬಾಗಲಕೋಟೆ ಜಿಲ್ಲೆಯವರು. ಈ ಹೆಸರು ಕೇಳಿದವರು ಕೈ ಎತ್ತಿ. ಮೂರು, ನಾಲ್ಕು ಕೈ. ಅದಕ್ಕೇ ಇವತ್ತು ಈ ವಿಷಯ ತೆಗೆದುಕೊಂಡೆ.

ಹಲಕುರ್ಕಿ ಎಂಬುದು ಬಾದಾಮಿ ತಾಲ್ಲೂಕಿನ ಒಂದು ಊರಿನ ಹೆಸರು. ನಮ್ಮ ಉತ್ತರ ಕರ್ನಾಟಕದಲ್ಲಿ ಊರ ಹೆಸರೇ ಮನೆತನದ ಹೆಸರಾಗುವುದು ನಿಮಗೆಲ್ಲ ಗೊತ್ತು. ಅಂತರರಾಷ್ಟ್ರೀಯ ಕುಸ್ತಿಯಲ್ಲಿ ಅಂಕಫಲಕದ ಮೇಲೆ ಮನೆತನದ ಹೆಸರನ್ನೇ ಮೊದಲು ಬರೆಯುತ್ತಾರೆ. ಅಂದರೆ ಇರಾನಿನವನ ಎದುರು, ಕೊರಿಯಾದವನ ಎದುರು, ಮಂಗೋಲಿಯಾದವನ ಎದುರು ದೊಡ್ಡ ಪರದೆಯ ಮೇಲೆ ಒಂದು ಕನ್ನಡ ಊರಿನ ಹೆಸರು ಬೆಳಗುತ್ತದೆ. ನನಗೆ ಇದು ತುಂಬಾ ಇಷ್ಟವಾದ ಸಂಗತಿ.

ಅವರು ಆಡುವುದು ಗ್ರೀಕೊ ರೋಮನ್ ಕುಸ್ತಿ. ನಮ್ಮ ಕಡೆ ಜಾತ್ರೆಯಲ್ಲಿ ಆಡುವ ಬಯಲು ಕುಸ್ತಿ ನೀವು ನೋಡಿದ್ದೀರಿ. ಮೊದಲು ಹುಡುಗರ ಕಾಯಿ ಕುಸ್ತಿ, ಗೆದ್ದವನಿಗೆ ತೆಂಗಿನಕಾಯಿ. ಕೊನೆಗೆ ಬೆಳ್ಳಿ ಕಡಗದ ಕುಸ್ತಿ. ಅಲ್ಲಿ ಕಾಲು ಹಿಡಿಯಬಹುದು, ಕಾಲಿಗೆ ಕಾಲು ಕೊಟ್ಟು ಕೆಡವಬಹುದು. ಗ್ರೀಕೊ ರೋಮನ್‌ನಲ್ಲಿ ಅದು ಯಾವುದೂ ಇಲ್ಲ. ಸೊಂಟದ ಕೆಳಗೆ ಎದುರಾಳಿಯನ್ನು ಹಿಡಿಯುವಂತಿಲ್ಲ, ಕಾಲಿನಿಂದ ಅಡ್ಡಗಾಲು ಕೊಡುವಂತಿಲ್ಲ. ಎದೆಗೆ ಎದೆ, ತೋಳಿಗೆ ತೋಳು. ಎತ್ತಬೇಕು, ತಿರುಗಿಸಬೇಕು, ಎಸೆಯಬೇಕು. ಮೂರು ಮೂರು ನಿಮಿಷದ ಎರಡು ಅವಧಿ, ನಡುವೆ ಮೂವತ್ತು ಸೆಕೆಂಡು ಬಿಡುವು, ಅಷ್ಟೇ. ಹೆಸರು ನೋಡಿ ಇದು ಗ್ರೀಕರದ್ದು, ರೋಮನ್ನರದ್ದು ಅಂತ ತಿಳಿಯಬೇಡಿ. ಇದು ರೂಪುಗೊಂಡದ್ದು 19ನೇ ಶತಮಾನದ ಫ್ರಾನ್ಸಿನಲ್ಲಿ. ಗೌರವ ಹೆಚ್ಚಲಿ ಅಂತ ಹಳೆಯ ಹೆಸರು ಅಂಟಿಸಿಕೊಂಡಿತು. ನಮ್ಮಲ್ಲಿ ಹೊಸ ಹೋಟೆಲಿಗೆ 'ಪುರಾತನ' ಅಂತ ಬೋರ್ಡು ಹಾಕಿದ ಹಾಗೆ. ಆದರೂ 1908ರಿಂದ ಇವತ್ತಿನವರೆಗೆ ಪ್ರತಿ ಒಲಿಂಪಿಕ್ಸ್‌ನಲ್ಲೂ ಇದು ಇದೆ.

ಭಾರತ ಕುಸ್ತಿಯಲ್ಲಿ ಒಲಿಂಪಿಕ್ಸ್ ಪದಕ ಗೆದ್ದಿದೆ. 1952ರಲ್ಲಿ ಹೆಲ್ಸಿಂಕಿಯಲ್ಲಿ ಕೆ.ಡಿ. ಜಾಧವ್ ಕಂಚು ತಂದರು. ಆಮೇಲೆ ಸುಶೀಲ್ ಕುಮಾರ್, ಯೋಗೇಶ್ವರ್ ದತ್, ಸಾಕ್ಷಿ ಮಲಿಕ್, ರವಿ ದಹಿಯಾ, ಬಜರಂಗ್ ಪುನಿಯಾ, 2024ರಲ್ಲಿ ಅಮನ್ ಸೆಹ್ರಾವತ್. ಈ ಎಲ್ಲ ಪದಕಗಳೂ ಫ್ರೀಸ್ಟೈಲ್‌ನವು. ಗ್ರೀಕೊ ರೋಮನ್‌ನಲ್ಲಿ ಒಂದೂ ಇಲ್ಲ. ಆದ್ದರಿಂದ ಪತ್ರಿಕೆಯವರಿಗೂ ಟಿ.ವಿ.ಯವರಿಗೂ ಇದು ಮಲಮಗು.

ಈಗ 2020ರ ಫೆಬ್ರುವರಿ 18ಕ್ಕೆ ಬನ್ನಿ. ನವದೆಹಲಿಯಲ್ಲಿ ಏಷ್ಯನ್ ಚಾಂಪಿಯನ್‌ಷಿಪ್, ಅದೂ ಅದೇ ಜಾಧವ್ ಅವರ ಹೆಸರಿನ ಒಳಾಂಗಣದಲ್ಲಿ. ಅರ್ಜುನ 55 ಕೆ.ಜಿ. ವಿಭಾಗದಲ್ಲಿ ಸೆಮಿಫೈನಲ್ ತಲುಪಿದರು. ಎದುರಿಗೆ ಇರಾನಿನ ಪೌಯಾ ನಾಸೆರ್‌ಪೂರ್. ಈ ಆಟದಲ್ಲಿ ಇರಾನ್ ಅಂದರೆ ಏನು ಅಂತ ಹೇಳಬೇಕಾಗಿಲ್ಲ. ಅರ್ಜುನ 7-1ರಿಂದ ಮುಂದೆ ಇದ್ದರು. ಲೆಕ್ಕದ ಮೇಷ್ಟ್ರು ಇಲ್ಲೇ ಇದ್ದಾರೆ, ಒಂದು ಸಣ್ಣ ಲೆಕ್ಕ ಮಾಡೋಣ. ಗ್ರೀಕೊ ರೋಮನ್‌ನಲ್ಲಿ ಯಾರಾದರೂ 8 ಅಂಕ ಮುಂದೆ ಹೋದರೆ ಪಂದ್ಯ ಅಲ್ಲಿಗೇ ಮುಗಿಯುತ್ತದೆ, ಗಡಿಯಾರ ನೋಡುವ ಹಾಗೇ ಇಲ್ಲ. 7-1 ಅಂದರೆ 6 ಅಂಕ ಮುಂದೆ. ಇನ್ನೊಂದು ಸಲ ಎದುರಾಳಿಯನ್ನು ಉರುಳಿಸಿದ್ದರೆ 2 ಅಂಕ, ಫೈನಲ್. ಇನ್ನೊಂದು ಲೆಕ್ಕವೂ ಇದೆ. ಒಂದು ದೊಡ್ಡ ಎಸೆತಕ್ಕೆ 4 ಅಂಕ, ತೀರಾ ಎತ್ತರಕ್ಕೆ ಎತ್ತಿ ಎಸೆದರೆ 5. ನೆಲಕ್ಕೆ ಬಿದ್ದವನನ್ನು ಸೊಂಟ ಬಿಗಿದು ಉರುಳಿಸಿದ ಪ್ರತಿ ಸಲಕ್ಕೂ 2. ಹೀಗಾಗಿ 6 ಅಂಕದ ಮುನ್ನಡೆ ಕರಗಲು ಅರ್ಧ ನಿಮಿಷ ಸಾಕು. ಅರ್ಜುನ 7-8ರಿಂದ ಸೋತರು.

ಒಂದು ಅಂಕ. ಈ ಆಟದ ಅತಿ ದೊಡ್ಡ ಹೆಸರು ರಷ್ಯಾದ ಅಲೆಕ್ಸಾಂಡರ್ ಕರೇಲಿನ್. 130 ಕೆ.ಜಿ.ಯವರನ್ನು ನೆಲದಿಂದ ಮೂಟೆಯ ಹಾಗೆ ಎತ್ತಿ ಹಿಂದಕ್ಕೆ ಎಸೆಯುತ್ತಿದ್ದವನು. ನಮ್ಮಲ್ಲಿ ಭತ್ತದ ಮೂಟೆ ಎತ್ತುವ ಹಮಾಲರಿಗೆ ಇದರ ಬೆಲೆ ಗೊತ್ತಾಗುತ್ತದೆ. 1988, 1992, 1996, ಮೂರು ಒಲಿಂಪಿಕ್ಸ್ ಚಿನ್ನ. ಹದಿಮೂರು ವರ್ಷ ಅಂತರರಾಷ್ಟ್ರೀಯ ಪಂದ್ಯದಲ್ಲಿ ಸೋಲೇ ಇಲ್ಲ. 2000ರಲ್ಲಿ ಸಿಡ್ನಿಯ ಫೈನಲ್‌ನಲ್ಲಿ ಬಿಗಿದ ಕೈ ಒಂದು ಕ್ಷಣ ಬಿಟ್ಟುಕೊಂಡಿತು, ಅಮೆರಿಕದ ರೂಲನ್ ಗಾರ್ಡ್ನರ್‌ಗೆ ಒಂದು ಅಂಕ ಹೋಯಿತು. 1-0. ಕರೇಲಿನ್ ಮತ್ತೆ ಆಡಲಿಲ್ಲ.

ಕರೇಲಿನ್ ಅವರಿಗೆ ಅದು ಕೊನೆಯ ಪಂದ್ಯ. ಅರ್ಜುನ ಅವರಿಗೆ ಆ ಅವಕಾಶವೂ ಇರಲಿಲ್ಲ, ಯಾಕೆಂದರೆ ಅದೇ ದಿನ ಕಂಚಿನ ಪಂದ್ಯ ಇತ್ತು. ಗೆಲ್ಲುತ್ತಿದ್ದ ಆಟ ಕೈತಪ್ಪಿದವನು ಅದೇ ಮೈನೋವಿನಲ್ಲಿ ಮತ್ತೆ ಮ್ಯಾಟ್ ಹತ್ತಬೇಕು. ಕೊರಿಯಾದ ವಾನ್ ಡಾಂಗ್ ಹ್ಯೋಕ್ ಎದುರು 7-4ರಿಂದ ಗೆದ್ದರು. ಏಷ್ಯಾದ ಕಂಚು. ಅದೇ ಸಂಜೆ ಹರಿಯಾಣದ ಸುನಿಲ್ ಕುಮಾರ್ 87 ಕೆ.ಜಿ.ಯಲ್ಲಿ ಚಿನ್ನ ಗೆದ್ದರು. ಗ್ರೀಕೊ ರೋಮನ್‌ನಲ್ಲಿ 27 ವರ್ಷದ ನಂತರ ಭಾರತಕ್ಕೆ ಬಂದ ಏಷ್ಯನ್ ಚಿನ್ನ. ಮರುದಿನದ ತಲೆಬರಹ ಸಹಜವಾಗಿ ಸುನಿಲ್ ಅವರದ್ದು. ನಮ್ಮ ಅರ್ಜುನ ಸುದ್ದಿಯ ಕೆಳಗಿನ ಸಾಲಿನಲ್ಲಿದ್ದರು.

ಒಂದು ಸಲ ಗೆದ್ದದ್ದು ಅದೃಷ್ಟ ಅನ್ನುವವರು ಇದ್ದೇ ಇರುತ್ತಾರೆ. 2022ರ ಏಪ್ರಿಲ್‌ನಲ್ಲಿ ಏಷ್ಯನ್ ಚಾಂಪಿಯನ್‌ಷಿಪ್ ನಡೆದದ್ದು ಮಂಗೋಲಿಯಾದ ಉಲಾನ್‌ಬಾತರ್‌ನಲ್ಲಿ. ಮಂಗೋಲಿಯಾದಲ್ಲಿ ಕುಸ್ತಿ ಅಂದರೆ ನಮ್ಮಲ್ಲಿ ಕ್ರಿಕೆಟ್ ಇದ್ದ ಹಾಗೆ, ಅದಕ್ಕಿಂತ ಹೆಚ್ಚು. ಕಂಚಿನ ಪಂದ್ಯದಲ್ಲಿ ಎದುರಾಳಿ ಮಂಗೋಲಿಯಾದವನೇ, ದವಾಬಂದಿ ಮುಂಖ್ ಎರ್ಡೆನೆ. ಇಡೀ ಒಳಾಂಗಣ ಅವನ ಕಡೆ. ಅರ್ಜುನ 10-7ರಿಂದ ಗೆದ್ದರು. ಅಂಕ ನೋಡಿ, ಎರಡೂ ಕಡೆಯಿಂದ ಹದಿನೇಳು ಅಂಕ. ಬಚ್ಚಿಟ್ಟುಕೊಂಡು, ಕಾಲ ಕಳೆದು ಗೆದ್ದ ಆಟ ಇದಲ್ಲ.

ಇಲ್ಲಿಯವರೆಗೆ ಹೇಳಿದ್ದು ಕೇಳಿ ಯಾರಿಗಾದರೂ ಅನಿಸಬಹುದು: ಏಷ್ಯಾದಲ್ಲಿ ಎರಡು ಸಲ ಕಂಚು ಗೆದ್ದವರು, ಹಾಗಾದರೆ ಒಲಿಂಪಿಕ್ಸ್‌ಗೆ ಯಾಕೆ ಹೋಗಲಿಲ್ಲ? ನಾನು ಇಲ್ಲಿಗೆ ಬಂದದ್ದೇ ಈ ಪ್ರಶ್ನೆಗಾಗಿ. ಉತ್ತರ ಚಿಕ್ಕದು. ಒಲಿಂಪಿಕ್ಸ್‌ನಲ್ಲಿ ಗ್ರೀಕೊ ರೋಮನ್‌ಗೆ 55 ಕೆ.ಜಿ. ವಿಭಾಗವೇ ಇಲ್ಲ. ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಹತ್ತು ತೂಕಗಳಿವೆ, 55ರಿಂದ 130ರವರೆಗೆ. ಒಲಿಂಪಿಕ್ಸ್‌ನಲ್ಲಿ ಆರೇ: 60, 67, 77, 87, 97, 130. ಕೆಳಗಿನ ಮೆಟ್ಟಿಲೇ 60. ಅಂದರೆ 55ರಲ್ಲಿ ನೀವು ಜಗತ್ತಿಗೇ ಮೊದಲಿಗರಾದರೂ ಆ ತೂಕದಲ್ಲಿ ಒಲಿಂಪಿಕ್ಸ್ ಬಾಗಿಲು ತೆರೆಯುವುದಿಲ್ಲ.

ಮೊದಲು ಹೀಗಿರಲಿಲ್ಲ. 2004ರ ಅಥೆನ್ಸ್‌ನಲ್ಲಿ ಭಾರತದ ಮುಖೇಶ್ ಖತ್ರಿ ಆಡಿದ್ದು ಇದೇ 55 ಕೆ.ಜಿ.ಯಲ್ಲಿ. 2012ರ ಲಂಡನ್‌ನಲ್ಲಿ ಇರಾನಿನ ಹಮೀದ್ ಸೂರಿಯಾನ್ ಚಿನ್ನ ಗೆದ್ದದ್ದೂ ಇದರಲ್ಲೇ. 2013ರ ಫೆಬ್ರುವರಿಯಲ್ಲಿ ಒಲಿಂಪಿಕ್ಸ್ ಸಮಿತಿಯ ಕಾರ್ಯಕಾರಿ ಮಂಡಳಿ ಕುಸ್ತಿಯನ್ನೇ ಕಾಯಂ ಆಟಗಳ ಪಟ್ಟಿಯಿಂದ ಕೈಬಿಡುವ ಶಿಫಾರಸು ಮಾಡಿತು. ಕುಸ್ತಿಯ ಲೋಕ ಬೆಚ್ಚಿಬಿತ್ತು. ನಿಯಮ ಬದಲಿಸಿದರು, ಹೆಣ್ಣುಮಕ್ಕಳಿಗೆ ಹೆಚ್ಚು ಜಾಗ ಕೊಡಲು ಒಪ್ಪಿದರು, ಅದೇ ಸೆಪ್ಟೆಂಬರ್‌ನಲ್ಲಿ ಆಟ ಮರಳಿ ಸೇರಿತು. ಮೊದಲು ಗಂಡಸರಿಗೆ ಏಳು ಮತ್ತು ಏಳು, ಹೆಂಗಸರಿಗೆ ನಾಲ್ಕು ತೂಕ ಇದ್ದದ್ದು 2016ರ ರಿಯೊದಿಂದ ಆರು, ಆರು, ಆರು ಆಯಿತು. ಗ್ರೀಕೊ ರೋಮನ್‌ನ 55 ಹೋದದ್ದು ಹೀಗೆ. 2018ರಲ್ಲಿ ಅದನ್ನು ವಾಪಸು ತಂದರು, ಆದರೆ ಒಲಿಂಪಿಕ್ಸ್‌ನ ಹೊರಗೆ.

ಇದನ್ನು ಅನ್ಯಾಯ ಅಂತ ಬೈದುಬಿಡುವುದು ಸುಲಭ. ನನಗೆ ಹಾಗೆ ಬೈಯಲು ಮನಸ್ಸಾಗುವುದಿಲ್ಲ. ಯಾಕೆಂದರೆ ಹೆಣ್ಣುಮಕ್ಕಳಿಗೆ ತೂಕಗಳನ್ನು ಹೆಚ್ಚಿಸಿದಾಗ ಹೊಸದಾಗಿ ಬಂದದ್ದರಲ್ಲಿ 58 ಕೆ.ಜಿ. ಒಂದು, ಮತ್ತು ರಿಯೊದಲ್ಲಿ ಸಾಕ್ಷಿ ಮಲಿಕ್ ಕಂಚು ಗೆದ್ದದ್ದು ಅದೇ 58ರಲ್ಲಿ. ಭಾರತದ ಮಹಿಳಾ ಕುಸ್ತಿಗೆ ಮೊದಲ ಒಲಿಂಪಿಕ್ಸ್ ಪದಕ. ಆ ಒಂದು ಪದಕ ನೋಡಿ ಎಷ್ಟು ಹಳ್ಳಿಗಳಲ್ಲಿ ಹೆಣ್ಣುಮಕ್ಕಳು ಮ್ಯಾಟ್ ಹತ್ತಿದರು! ಒಂದೇ ತಿದ್ದುಪಡಿ ಒಬ್ಬರಿಗೆ ಬಾಗಿಲು ತೆರೆಯಿತು, ಇನ್ನೊಬ್ಬರಿಗೆ ಮುಚ್ಚಿತು. ಬೆಲೆ ತೆತ್ತವರು ಯಾರು ಅಂತ ನಾವು ತಿಳಿದಿರಬೇಕು, ಅಷ್ಟೇ ನನ್ನ ಮಾತು. ಬೆಲೆ ತೆತ್ತವರು ಸಣ್ಣ ಮೈಕಟ್ಟಿನ ಗಂಡಸರು, ಅದರಲ್ಲಿ ಬಾಗಲಕೋಟೆಯ ಒಬ್ಬರು.

'ಐದೇ ಕಿಲೋ ಅಲ್ಲವಾ, ನಾಲ್ಕು ರೊಟ್ಟಿ ಜಾಸ್ತಿ ತಿಂದು 60ಕ್ಕೆ ಹೋಗಲಿ' ಅಂತ ನಮ್ಮ ಮಾವ ಒಬ್ಬರು ನನಗೆ ಹೇಳಿದರು. ಇಲ್ಲೇ ಕುಳಿತಿದ್ದಾರೆ, ನಗುತ್ತಿದ್ದಾರೆ. ಮಾವಾ, 60ರಲ್ಲಿ ಆಡುವವರು ಬಹುಪಾಲು ದಿನನಿತ್ಯ 60 ಇರುವವರಲ್ಲ. ಅದಕ್ಕಿಂತ ಮೂರು ನಾಲ್ಕು ಕಿಲೋ ಮೇಲಿದ್ದು, ಪಂದ್ಯಕ್ಕೆ ಮೊದಲು ಬೆವರು ಹರಿಸಿ ಇಳಿಸಿಕೊಂಡು ತಕ್ಕಡಿ ಏರುತ್ತಾರೆ. ಹಾಗಾಗಿ ಕಾಗದದ ಮೇಲೆ ಐದು ಕಿಲೋ ಇದ್ದರೂ ಮ್ಯಾಟಿನ ಮೇಲೆ ಅದು ಉದ್ದನೆಯ ತೋಳು, ಅಗಲವಾದ ಭುಜ, ಬೇರೆಯೇ ಎಲುಬಿನ ಗೂಡು. ಕಾಲು ಹಿಡಿಯಬಹುದಾದ ಫ್ರೀಸ್ಟೈಲ್‌ನಲ್ಲಿ ಗಿಡ್ಡನಿಗೆ ಒಂದು ದಾರಿ ಇದೆ. ಅಲ್ಲಿ ಒಲಿಂಪಿಕ್ಸ್‌ನ ಕೆಳಗಿನ ತೂಕ 57 ಬೇರೆ. ಎದೆಗೆ ಎದೆ ಕೊಡುವ ಆಟದಲ್ಲಿ ಆ ದಾರಿ ಇಲ್ಲ. ಇನ್ನು ತೂಕದ ಮಾತು ಬಂದರೆ, 2024ರ ಆಗಸ್ಟ್‌ನಲ್ಲಿ ಪ್ಯಾರಿಸ್‌ನಲ್ಲಿ ವಿನೇಶ್ ಫೋಗಟ್ ಫೈನಲ್‌ನ ಬೆಳಿಗ್ಗೆ 100 ಗ್ರಾಂ ಹೆಚ್ಚಾಗಿ ಹೊರಬಿದ್ದದ್ದು ಈ ಊರಿನ ಪ್ರತಿ ಮನೆಯಲ್ಲೂ ಚರ್ಚೆಯಾಗಿದೆ. 100 ಗ್ರಾಂ ಅಂದರೆ ಒಂದು ಲೋಟ ಚಹಾ ಕೂಡ ಅಲ್ಲ. ಅಂಥ ಆಟದಲ್ಲಿ ಐದು ಕಿಲೋ ಏನು ಅಂತ ಈಗ ಯೋಚನೆ ಮಾಡಿ.

ಹಾಗಿದ್ದರೂ ಅರ್ಜುನ ವರ್ಷ ವರ್ಷ 55ರಲ್ಲಿ ಆಡಿದರು. ನಮ್ಮ ಉದ್ಯೋಗದಲ್ಲಿ ಬಡ್ತಿ ಇಲ್ಲ ಅಂತ ಗೊತ್ತಾದರೆ ಮೂರೇ ತಿಂಗಳಲ್ಲಿ ಬೇರೆ ಕಂಪನಿ ಹುಡುಕುತ್ತೇವೆ. ನಾನೂ ಹುಡುಕಿದ್ದೇನೆ. ಮೇಲಿನ ಮೆಟ್ಟಿಲೇ ಇಲ್ಲದ ಏಣಿಯನ್ನು ಒಬ್ಬ ಮನುಷ್ಯ ಅಷ್ಟು ಶ್ರದ್ಧೆಯಿಂದ ಹತ್ತುವುದು ನೋಡಿ ನನಗೆ ಮೊದಲು ಆಶ್ಚರ್ಯವಾಗುತ್ತಿತ್ತು. ಆಮೇಲೆ ದೆಹಲಿಯ ಮತ್ತು ಉಲಾನ್‌ಬಾತರ್‌ನ ಆಟಗಳ ಅಂಕಗಳನ್ನು ಮತ್ತೆ ನೋಡಿದೆ. 7-8, 7-4, 10-7. ಪ್ರತಿ ಆಟದಲ್ಲೂ ಕನಿಷ್ಠ 7 ಅಂಕ. ಒಲಿಂಪಿಕ್ಸ್ ಇರಲಿ ಬಿಡಲಿ, ಈ ಮನುಷ್ಯ ಮ್ಯಾಟಿಗೆ ಬರುವುದು ಕುಸ್ತಿ ಆಡುವುದಕ್ಕೆ.

ಈಗ ನಿಮ್ಮ ಕಡೆ ಬರುತ್ತೇನೆ, ಮಕ್ಕಳೇ. ನಮ್ಮ ಕಾಲದಲ್ಲಿ ಈ ಮೈದಾನದಲ್ಲಿ ಒಬ್ಬ ಗೆಳೆಯನಿದ್ದ. ಹತ್ತನೇ ತರಗತಿಯಲ್ಲಿ ನಲವತ್ತು ಕಿಲೋ ಇದ್ದನೋ ಇಲ್ಲವೋ. ಹಿಡಿದರೆ ಬಿಡಿಸಿಕೊಳ್ಳಲು ದೊಡ್ಡವರಿಗೂ ಆಗುತ್ತಿರಲಿಲ್ಲ. ಜಾತ್ರೆಯಲ್ಲಿ ಪಂಚರು ಕಣ್ಣಳತೆಯಲ್ಲಿ ಜೋಡಿ ಹಾಕುತ್ತಿದ್ದರು. ಇವನಿಗೆ ಜೋಡಿಯೇ ಸಿಗುತ್ತಿರಲಿಲ್ಲ. 'ಗಾಳಿ ಬಿಟ್ಟರೆ ಹಾರಿ ಹೋಗ್ತೀಯ, ಹೋಗಿ ಉಂಡು ಬಾ' ಅಂತ ಜನ ನಗುತ್ತಿದ್ದರು. ಅವನು ಕುಸ್ತಿ ಬಿಟ್ಟ. ಅವನ ತೂಕಕ್ಕೂ ಒಂದು ವಿಭಾಗ ಇತ್ತು ಅಂತ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹದಿನೇಳರ ಒಳಗಿನ ಹುಡುಗರಿಗೆ ಅಂತರರಾಷ್ಟ್ರೀಯ ಮಟ್ಟದಲ್ಲೇ 45, 48, 51, 55 ಕೆ.ಜಿ. ವಿಭಾಗಗಳಿವೆ. 45ರ ವಿಭಾಗಕ್ಕೆ 41 ಕೆ.ಜಿ. ಇದ್ದರೂ ಸಾಕು. ಮುಂದಿನ ಸಾಲಿನಲ್ಲಿರುವ ನಿಮ್ಮಲ್ಲಿ ಅರ್ಧ ಹುಡುಗರು ಇದರೊಳಗೇ ಬರುತ್ತೀರಿ. ದಾವಣಗೆರೆಯ ಕ್ರೀಡಾ ವಸತಿ ನಿಲಯದಲ್ಲಿ ಸರ್ಕಾರವೇ ಊಟ, ವಸತಿ ಕೊಟ್ಟು ಕುಸ್ತಿ ಕಲಿಸುತ್ತದೆ. ರೈಲ್ವೆಯಲ್ಲೂ ಸೇನೆಯಲ್ಲೂ ಕ್ರೀಡಾ ಕೋಟಾದಲ್ಲಿ ಪೈಲ್ವಾನರನ್ನು ತೆಗೆದುಕೊಳ್ಳುತ್ತಾರೆ. ಇದು ತಂದೆ ತಾಯಂದಿರಿಗೆ ಹೇಳುತ್ತಿರುವ ಮಾತು.

ಸಮಿತಿಯ ಸಭೆಯಲ್ಲಿ ಕುಸ್ತಿ ಮ್ಯಾಟ್ ಕೊಡಿಸೋಣ ಅಂತ ಒಬ್ಬರು ಹೇಳಿದ್ದರು. ಸ್ಪರ್ಧೆಯ ಮ್ಯಾಟ್ 12 ಮೀಟರ್ ಉದ್ದ, 12 ಮೀಟರ್ ಅಗಲ. ಅದನ್ನು ಹಾಸಲು ಮಳೆ ಸೋರದ ಒಂದು ಸಭಾಂಗಣ ಬೇಕು, ಅದು ಸದ್ಯಕ್ಕೆ ನಮ್ಮಲ್ಲಿಲ್ಲ. ಇದ್ದದ್ದು ಕಪ್ಪು ಮಣ್ಣು. ಮರಳು, ಕೆಂಪು ಮಣ್ಣು ತಂದು ಹದ ಮಾಡಿದರೆ ಒಂದು ಮಟ್ಟಿ ಕಣ ಆಗುತ್ತದೆ. ಕಟ್ಟಿಗೆ ಕಲ್ಲು, ಮಣ್ಣಿನ ಟ್ರ್ಯಾಕ್ಟರು ಕೊಡುತ್ತೇವೆ ಅಂತ ಇಬ್ಬರು ರೈತರು ಈಗಾಗಲೇ ಒಪ್ಪಿದ್ದಾರೆ. ನಮ್ಮ ಬ್ಯಾಚಿನವರು ಸೇರಿ ಒಂದು ವಿದ್ಯುನ್ಮಾನ ತಕ್ಕಡಿ ತಂದಿದ್ದೇವೆ. ಮುಖ್ಯ ಗುರುಗಳ ಕೋಣೆಯಲ್ಲಿ ಬಾಗಿಲ ಹಿಂದೆ ಇಟ್ಟಿದೆ. 100 ಗ್ರಾಂ ವ್ಯತ್ಯಾಸವನ್ನೂ ತೋರಿಸುತ್ತದೆ. ದೈಹಿಕ ಶಿಕ್ಷಕರು ಜೂನ್‌ನಲ್ಲಿ ಒಮ್ಮೆ, ನವೆಂಬರ್‌ನಲ್ಲಿ ಒಮ್ಮೆ ಎಲ್ಲ ಮಕ್ಕಳ ತೂಕ ಬರೆದಿಡಲು ಒಪ್ಪಿದ್ದಾರೆ, ಹೆಣ್ಣುಮಕ್ಕಳದ್ದೂ ಸೇರಿ. ಅದಕ್ಕೊಂದು ದಪ್ಪ ರಟ್ಟಿನ ರಿಜಿಸ್ಟರ್ ಕೂಡ ತಂದಿದ್ದೇವೆ. ಊಟಕ್ಕೆ ಹೋಗುವ ಮೊದಲು ಬಂದು ತಕ್ಕಡಿ ಏರಿ ಹೋಗಿ. ಊಟ ಆದ ಮೇಲೆ ಏರಿದರೆ ಲೆಕ್ಕ ಬೇರೆ ಬರುತ್ತದೆ.